ಅದೇ ಬಿಳಿ ಮಾತ್ರೆ, ಎರಡು ಪಟ್ಟು ಮದ್ದು

ಔಷಧ ಸರಬರಾಜಿನ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಮೂವತ್ತು ಮಿಲಿಗ್ರಾಂ ಮಾತ್ರೆಯ ಬದಲು ನೀವು ಅರವತ್ತರದ್ದನ್ನು ಕಳಿಸಿದಿರಿ. ಜೊತೆಗೆ ಒಂದು ಸಾಲಿನ ಸೂಚನೆಯನ್ನೂ ಕಳಿಸಲಿಲ್ಲ. ಅದನ್ನು ನೋಡದೆ ರೋಗಿಯ ಕೈಗಿಟ್ಟವಳು ನಾನು. ಎರಡನ್ನೂ ಒಟ್ಟಿಗೇ ಹೇಳಬೇಕೆಂದು ಬಹಿರಂಗವಾಗಿ ಬರೆಯುತ್ತಿದ್ದೇನೆ. ಕಚೇರಿಯ ಮೂಲಕ ಬರೆದ ಎರಡು ಪತ್ರಗಳು ಎಲ್ಲಿ ಮಲಗಿವೆಯೋ ತಿಳಿಯದು. ಅವಕ್ಕೂ ಅದೇ ಮಾತ್ರೆ ನುಂಗಿಸಿರಬೇಕು.

ಆ ಮಾತ್ರೆ ಫೀನೋಬಾರ್ಬಿಟೋನ್, ಮೂರ್ಛೆ ರೋಗಕ್ಕೆ ಕೊಡುವ ಹಳೆಯ ಮದ್ದು. ಕೆರಳಿದ ಮಿದುಳನ್ನು ಸುಮ್ಮನಾಗಿಸುತ್ತದೆ. ಹೆಚ್ಚಾದರೆ ನಡಿಗೆಯನ್ನು, ಮಾತನ್ನು, ಕಡೆಗೆ ಉಸಿರನ್ನೂ ಸುಮ್ಮನಾಗಿಸುತ್ತದೆ. ಮೈಯಿಂದ ಬೇಗ ಹೊರಹೋಗುವ ಮದ್ದಲ್ಲ, ದಿನದಿನವೂ ಕೂಡಿಕೊಳ್ಳುತ್ತದೆ. ಇಂಥ ಮದ್ದನ್ನು ಕೊಡುವ ಮೊದಲು ಮೂರು ಸಲ ಓದಿ ಎಂದು ನರ್ಸಿಂಗ್ ಶಾಲೆಯಲ್ಲಿ ಮೇಡಂ ಹೇಳಿಕೊಟ್ಟಿದ್ದರು. ನಮ್ಮ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಹುದ್ದೆ ಖಾಲಿ ಬಿದ್ದು ಎರಡು ವರ್ಷ. ಆ ಸೋಮವಾರ ಔಷಧದ ಕಿಟಕಿಯ ಮುಂದೆ ಎಪ್ಪತ್ತು ಜನ, ಒಳಗೆ ಹೆರಿಗೆ ನೋವಿನಲ್ಲಿ ಒಬ್ಬಳು. ನಾನು ಒಂದು ಸಲವೂ ಓದಲಿಲ್ಲ. ಎಂದಿನಂತೆ "ಊಟ ಆದ್ಮೇಲೆ ಮೂರು" ಎಂದು ಆಶಾರಾಣಿಗೆ ಕೊಟ್ಟು ಕಳಿಸಿದೆ.

ಆಶಾರಾಣಿ ಬಿಕ್ಕೋಡಿನ ಹತ್ತಿರದ ತೋಟವೊಂದರಲ್ಲಿ ಕಾಫಿ ಹಣ್ಣು ಕುಯ್ಯುವ ಹೆಂಗಸು. ನಾಲ್ಕು ವರ್ಷದಿಂದ ಆಕೆಗೆ ಮೂರ್ಛೆ ಬಂದಿರಲಿಲ್ಲ. ಹೊಸ ಮಾತ್ರೆ ತೆಗೆದುಕೊಂಡ ಎರಡನೇ ವಾರ ಗಿಡಗಳ ನಡುವೆ ತೂರಾಡತೊಡಗಿದಳು, ನಾಲಿಗೆ ತೊದಲಿತು. ತೋಟದಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಸಿದ್ದಬಸಪ್ಪನವರು, ಕುಡಿದು ಬಂದವರಿಗೆ ಇಲ್ಲಿ ಕೆಲಸವಿಲ್ಲ ಎಂದು ಎಲ್ಲರೆದುರು ಅಂದು ಮನೆಗೆ ಕಳಿಸಿದರು. ಮೂರು ದಿನ ಮನೆಯಲ್ಲೇ ಬಿದ್ದುಕೊಂಡಿದ್ದವಳನ್ನು ಗಂಡ ಪುಟ್ಟರಾಜು ಜೀಪಿನಲ್ಲಿ ಕರೆತಂದ.

"ಇವ್ಳು ಕುಡ್ದಿಲ್ಲ ಸಿಸ್ಟರ್," ಎಂದ. ಆಮೇಲೆ ತಲೆ ತಗ್ಗಿಸಿ, "ನಾನೇ ಬಾಯಿ ಮೂಸಿ ನೋಡ್ದೆ," ಎಂದ.

ಉಸಿರು ಎಣಿಸಿದೆ. ನಿಮಿಷಕ್ಕೆ ಹತ್ತು. ಮಾತ್ರೆಯ ಸ್ಟ್ರಿಪ್ ಕೇಳಿ ಪಡೆದು, ಆಗ ಓದಿದೆ. ಅರವತ್ತು ಮಿಲಿಗ್ರಾಂ. ಕೊಟ್ಟವಳು ನಾನೇ ಎಂದು ಡಾಕ್ಟರಿಗೆ ಅಲ್ಲೇ ಹೇಳಿದೆ. ಮದ್ದನ್ನು ಪೂರ್ತಿ ನಿಲ್ಲಿಸಿಬಿಟ್ಟರೆ ಮೂರ್ಛೆ ಮರುಕಳಿಸೀತು. ಹಾಗಾಗಿ ಅವರು ಪಕ್ಕದಲ್ಲೇ ಕಾದು, ಪ್ರಮಾಣವನ್ನು ಅಳೆದು ಇಳಿಸಿದರು. ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ರಿಜಿಸ್ಟರಿನಲ್ಲಿ ಅದೇ ಮಾತ್ರೆ ಪಡೆದವರ ಇನ್ನೂ ಒಂಬತ್ತು ಹೆಸರಿದ್ದವು. ಆರು ಜನ ಫೋನಿಗೆ ಸಿಕ್ಕರು. ಉಳಿದ ಮೂವರ ಮನೆಗೆ ಬಸ್ಸು ಹತ್ತಿ, ನಡೆದು ಹೋದೆ. ಒಬ್ಬ ಅಜ್ಜಿ ನಾಲ್ಕು ದಿನದಿಂದ ಎದ್ದಿರಲಿಲ್ಲ. ವಯಸ್ಸಾಯಿತೆಂದು ಮನೆಯವರು ಸುಮ್ಮನಿದ್ದರು. ಅವರನ್ನೂ ಕರೆತಂದು ಉಳಿಸಿಕೊಂಡೆವು.

ಐದನೆಯ ದಿನ ಆಶಾರಾಣಿ ಎದ್ದು ಕೂತಳು. ನಡೆದದ್ದನ್ನೆಲ್ಲ ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿದ್ದೆ. ಆಕೆ, "ನೀವೇ ತೋಟಕ್ಕೆ ಬಂದು ಹೇಳ್ಬೇಕು, ನಾನು ಕುಡಿದಿರ್ಲಿಲ್ಲ ಅಂತ. ಎಲ್ಲಾರ್ ಮುಂದೆ," ಎಂದಳು.

ಹೋದೆ. ಬೆಳಗಿನ ಹಾಜರಿಗೆ ನಿಂತ ನಲವತ್ತು ಆಳುಗಳ ಮುಂದೆ ನನ್ನ ತಪ್ಪನ್ನು ಹೇಳಿದೆ. ಸಿದ್ದಬಸಪ್ಪನವರು ಹಾಜರಿ ಪುಸ್ತಕ ಮಡಚಿ, "ನಂದೂ ತಪ್ಪಾಯ್ತು ಕಣಮ್ಮ," ಎಂದು ಆಕೆಗೆ ಹೇಳಿದರು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

ತಾವೇನು ಮಾಡಿದಿರಿ? ನನಗೆ ನೋಟಿಸ್ ಕಳಿಸಿದಿರಿ. ಓದದೆ ಕೊಟ್ಟದ್ದಕ್ಕಲ್ಲ, ಘಟನೆಯನ್ನು ರಿಜಿಸ್ಟರಿನಲ್ಲಿ ಬರೆದಿಟ್ಟು ಇಲಾಖೆಯ ಘನತೆಗೆ ಧಕ್ಕೆ ತಂದದ್ದಕ್ಕೆ! ಆ ಘನತೆ ಎಷ್ಟು ಮಿಲಿಗ್ರಾಂ, ಸ್ವಾಮಿ? ಅದೇ ಪೆಟ್ಟಿಗೆಗಳು ಇನ್ನೆಷ್ಟು ಊರಿಗೆ ಹೋಗಿವೆ? ಬೇಲೂರಿನ ಕಡೆಯೋ, ಹಾರನಹಳ್ಳಿಯ ಕಡೆಯೋ, ಯಾರು ಈ ಹೊತ್ತು ತೂರಾಡುತ್ತ ಕುಡುಕರೆನಿಸಿಕೊಂಡಿದ್ದಾರೆ? ಯಾರ ಉಸಿರನ್ನು ಯಾರೂ ಎಣಿಸುತ್ತಿಲ್ಲ?

ಆ ಪೆಟ್ಟಿಗೆಗಳು ಹೋದ ಆಸ್ಪತ್ರೆಗಳಿಗೆಲ್ಲ ಇಂದೇ ಫೋನ್ ಮಾಡಿಸಿ. ಪ್ರಮಾಣ ಬದಲಾದಾಗ ಪೆಟ್ಟಿಗೆಯ ಮೇಲೆ ಕೆಂಪಕ್ಷರದಲ್ಲಿ ಬರೆಸಿ. ಫಾರ್ಮಸಿಸ್ಟ್ ಒಬ್ಬರನ್ನು ಕೊಡಿ. ನನ್ನ ಶಿಕ್ಷೆಯ ಆದೇಶ ಬರಲಿ, ರುಜು ಹಾಕುತ್ತೇನೆ. ಅದಕ್ಕೆ ಮೊದಲು ಆ ಊರುಗಳ ಪಟ್ಟಿ ಕೊಡಿ. ನಿಮಗೆ ಪುರುಸೊತ್ತಿಲ್ಲದಿದ್ದರೆ ನಾನೇ ಮನೆಮನೆಗೆ ಹೋಗುತ್ತೇನೆ. ರಜೆ ಚೀಟಿ ಬರೆದಿಟ್ಟಿದ್ದೇನೆ.

ಇಂತಿ,
ಮಾಡಿದ ತಪ್ಪಿಗೆ ಇನ್ನೂ ಶಿಕ್ಷೆಯಾಗದೆ ಒದ್ದಾಡುತ್ತಿರುವ
ಹೇಮಾಶ್ರೀ, ಸ್ಟಾಫ್ ನರ್ಸ್