ಬೆಡ್‌ಶೀಟಿನ ಇನ್ನೊಂದು ತುದಿ

ಹಡಗಿನ ಆರನೆಯ ಮಹಡಿ,
ದುಂಡು ಕಿಟಕಿಯ ಪಕ್ಕದ ಮೇಜು,
ಮಂಗಳವಾರ, ಮಾರ್ಚ್ ೧೧, ಬೆಳಗಿನ ಏಳು ಗಂಟೆ

ಪ್ರೀತಿಯ ಅತ್ತೆಯವರಿಗೆ ನಿಮ್ಮ ಅಳಿಯನ ನಮಸ್ಕಾರಗಳು.

ಹೇಗಿದ್ದೀರಿ? ಮೊದಲು ಬಲ ಭುಜದ ಸಮಾಚಾರ ಹೇಳಿ. ಎಣ್ಣೆ ಹಚ್ಚಿ ಬಿಸಿನೀರಿನ ಚೀಲ ಇಟ್ಟುಕೊಳ್ಳುತ್ತಿದ್ದೀರೋ, ಇಲ್ಲ ‘ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ’ ಎಂದು ಎಣ್ಣೆಯ ಬಾಟಲಿಯನ್ನು ಕಪಾಟಿನ ಹಿಂದಕ್ಕೆ ತಳ್ಳಿದ್ದೀರೋ? ಇಸ್ತ್ರಿ ಪೆಟ್ಟಿಗೆಯ ಕಡೆ ತಿರುಗಿಯೂ ನೋಡಬೇಡಿ ಎಂದು ಡಾಕ್ಟರು ಹೇಳಿದ್ದು ನೆನಪಿದೆ ತಾನೆ? ಲಾಂಡ್ರಿಯ ಬಾಗಿಲಿಗೆ ‘ಹತ್ತು ದಿನ ರಜೆ’ ಎಂದು ಬೋರ್ಡು ತಗುಲಿಸಿ ಬೀಗದ ಕೈಯನ್ನು ನಿಮಗೆ ಕೊಟ್ಟು ಬಂದದ್ದು ಜೋಪಾನ ಮಾಡಲಿ ಎಂದು, ಬೀಗ ತೆಗೆಯಲಿ ಎಂದಲ್ಲ. ಮಕ್ಕಳು ಹೇಗಿದ್ದಾರೆ? ದೊಡ್ಡವಳು ಹೊತ್ತಿಗೆ ಸರಿಯಾಗಿ ಪುಸ್ತಕ ಮುಚ್ಚಿ ಮಲಗುತ್ತಾಳೆಯೆ? ಚಿಕ್ಕವಳು, ನಮ್ಮ ಮೆಣಸಿನಕಾಯಿ, ತಲೆ ಬಾಚಿಸಿಕೊಳ್ಳುವಾಗ ನಿಮ್ಮ ಕೈ ಕಚ್ಚಿಲ್ಲ ತಾನೆ? ಹೊರಡುವ ದಿನ ಅವಳು ಮಾಡಿದ ರಂಪ ಇನ್ನೂ ಕಿವಿಯಲ್ಲಿದೆ. ಈ ಹಡಗಿಗೆ ಹದಿನೆಂಟು ತುಂಬದವರನ್ನು ಹತ್ತಿಸುವುದಿಲ್ಲ ಎಂದು ಎಷ್ಟು ತಿಳಿಸಿ ಹೇಳಿದರೂ, ‘ಅಪ್ಪಾ, ನಾನು ಮೀಸೆ ಅಂಟಿಸ್ಕೊಂಡು ಬರ್ತೀನಿ, ಯಾರಿಗೂ ಗೊತ್ತಾಗಲ್ಲ’ ಎಂದು ಕಪ್ಪು ಕಾಗದ ಕತ್ತರಿಸುತ್ತ ಕೂತಳಲ್ಲ! ಇಲ್ಲಿ ಮೀಸೆಯಿರುವ ಮುದುಕರನ್ನು ಕಂಡಾಗಲೆಲ್ಲ ನನಗೆ ಅನುಮಾನ ಬರುತ್ತದೆ, ಇವಳೇ ಇರಬಹುದೇ ಎಂದು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು ಎನ್ನುತ್ತೀರಿ. ಸಮುದ್ರದ ನಡುವೆ ಫೋನು ಸತ್ತಂತೆ ಬಿದ್ದಿರುತ್ತದೆ. ದಡ ಸಿಕ್ಕಿ ಅದಕ್ಕೆ ಜೀವ ಬಂದರೂ ನೀವು ಸ್ಪೀಕರಿಗೆ ಹಾಕಿ ಇಡೀ ಬೀದಿಗೆ ಕೇಳಿಸುತ್ತೀರಿ. ನಾನು ಹೇಳಬೇಕಾಗಿರುವುದು ನಿಮಗೊಬ್ಬರಿಗೆ. ಅದನ್ನು ನಿಮ್ಮ ಎದುರಿಗೆ ನಿಂತು ಹೇಳಲು ನನಗೆ ನಾಲಿಗೆ ಹೊರಳುವುದಿಲ್ಲ. ಕನ್ನಡಕ ಹಾಕಿಕೊಂಡು ನೀವೇ ಓದಿ. ದೊಡ್ಡವಳ ಕೈಯಲ್ಲಿ ಓದಿಸಬೇಡಿ, ಅವಳು ನನ್ನ ಹಾಗೆ ಮೂಗಿನಲ್ಲಿ ಓದಿ ಅಣಕಿಸುತ್ತಾಳೆ.

ನಮ್ಮ ಮದುವೆಗೆ ಹದಿನೈದು ತುಂಬಿದ ದಿನ ನೀವು ಈ ಟಿಕೆಟುಗಳನ್ನು ಕೈಗಿಟ್ಟು ಒಂದು ಮಾತು ಹೇಳಿದಿರಿ. ‘ಅಳಿಯಂದಿರೇ, ನನ್ನ ಮಗಳು ಕೂತ್ಕೊಂಡು, ಬಿಸಿ ಇರೋವಾಗ್ಲೇ ಒಂದು ಲೋಟ ಟೀ ಕುಡಿದಿದ್ದನ್ನ ನಾನು ಹದಿನೈದು ವರ್ಷದಿಂದ ನೋಡಿಲ್ಲ. ಸಮುದ್ರ ಗಿಮುದ್ರ ಎಲ್ಲಾ ಆಮೇಲೆ. ಅದೊಂದು ಮಾಡಿಸ್ಕೊಂಡು ಬನ್ನಿ, ಸಾಕು’ ಎಂದಿರಿ. ನಗುತ್ತಲೇ ಅಂದದ್ದು. ಆದರೂ ನನಗೆ ನಾಟಿತು. ಅಂಗಡಿ ನಿಮ್ಮದು, ಕಸುಬು ನಿಮ್ಮದು, ಮಗಳಿಗೆ ಕಲಿಸಿದವರೂ ನೀವು. ನಡುವೆ ಬಂದು ಸೇರಿಕೊಂಡವನು ನಾನು. ಗಿರಾಕಿಗಳ ಕಡೆ ಮುಖ ಮಾಡಿ ಕೌಂಟರಿನಲ್ಲಿ ನಿಲ್ಲುತ್ತೇನೆ, ಅವಳು ನನ್ನ ಬೆನ್ನ ಹಿಂದೆ ಇಸ್ತ್ರಿ ಮೇಜಿನ ಹತ್ತಿರ ನಿಂತಿರುತ್ತಾಳೆ. ಕಿಟಕಿಯ ಕಟ್ಟೆಯ ಮೇಲೆ ಅವಳ ಟೀ ಲೋಟ ಕೆನೆ ಕಟ್ಟಿಕೊಂಡು ಕೂತಿರುತ್ತದೆ. ನಿಜ ಹೇಳಬೇಕೆಂದರೆ, ಆ ಅಂಗಡಿಯಲ್ಲಿ ಆ ಲೋಟ ಕೂತಷ್ಟು ಅವಳು ಕೂತಿಲ್ಲ. ಹಾಗಾಗಿ ಹಡಗು ಹತ್ತುವಾಗಲೇ ಮನಸ್ಸಿನಲ್ಲಿ ಹಟ ತೊಟ್ಟೆ: ಅತ್ತೆ ಹೇಳಿದ ಆ ಒಂದು ಲೋಟ ಆಗದೆ ನಾನು ಇಳಿಯುವುದಿಲ್ಲ.

ಮೊದಲ ಪೆಟ್ಟು ಬಂದರಿನಲ್ಲೇ ಬಿತ್ತು. ನಮ್ಮ ಸೂಟ್‌ಕೇಸು ತಪಾಸಣೆಯ ಯಂತ್ರದೊಳಗೆ ಹೋಗಿ ಅಲ್ಲೇ ನಿಂತಿತು. ಸಮವಸ್ತ್ರದ ಹೆಂಗಸೊಬ್ಬಳು ಅದನ್ನು ತೆರೆದು, ಸೀರೆಗಳ ನಡುವೆ ಕೈ ಹಾಕಿ, ಕೂಸನ್ನು ಎತ್ತಿದ ಹಾಗೆ ಒಂದು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿದಳು. ನನಗೂ ಹೇಳದೆ ತುಂಬಿಕೊಂಡಿದ್ದಾಳೆ ನಿಮ್ಮ ಮಗಳು! ‘ಬೆಂಕಿ ಅಪಾಯ ಅಂತ ಇದನ್ನ ಮೇಲೆ ಬಿಡಲ್ಲಮ್ಮ. ರಜಾಕ್ಕೆ ಹೋಗೋರು ಇದನ್ನ ಯಾಕೆ ತಂದ್ರಿ?’ ಎಂದು ಆಕೆ ಕೇಳಿದರೆ ಇವಳು ನೆಲ ನೋಡಿಕೊಂಡು ‘ಬೇಕಾದೀತು ಅಂತ’ ಎಂದಳು. ಪೆಟ್ಟಿಗೆಗೆ ಚೀಟಿ ಕಟ್ಟಿ ಒಳಗಿಟ್ಟುಕೊಂಡರು, ಇಳಿಯುವಾಗ ಕೊಡುತ್ತಾರಂತೆ. ಮಕ್ಕಳನ್ನು ಬಿಟ್ಟು ಬರುವಾಗ ಕಲ್ಲಿನ ಹಾಗಿದ್ದವಳು ಆ ಚೀಟಿ ಕಟ್ಟುವಾಗ ಕಣ್ಣೊರೆಸಿಕೊಂಡಳು. ಪೆಟ್ಟಿಗೆ ಒಂದು ನೆಪ ಎಂದು ನನಗೆ ಗೊತ್ತು. ಬೆನ್ನು ಸವರಿ ಕರೆದುಕೊಂಡು ಬಂದೆ.

ಹಡಗೆಂದರೆ ಏನೆಂದುಕೊಂಡಿರಿ ಅತ್ತೆ! ನಮ್ಮ ಬೀದಿಯನ್ನು ಉದ್ದಕ್ಕೆ ಎತ್ತಿ ನೀರಿನ ಮೇಲಿಟ್ಟು, ಅದರ ಮೇಲೆ ಇನ್ನೂ ಹನ್ನೊಂದು ಬೀದಿ ಪೇರಿಸಿದ ಹಾಗಿದೆ. ಮೇಲ್ಮಹಡಿಯಲ್ಲಿ ಸಾಲಾಗಿ ಒರಗು ಕುರ್ಚಿಗಳು, ಎದುರಿಗೆ ಕಣ್ಣು ಹರಿದಷ್ಟೂ ನೀಲಿ. ಅಲ್ಲಿ ಅವಳನ್ನು ಕೂರಿಸಿ ಹೊಗೆಯಾಡುವ ಟೀ ತಂದು ಕೈಗಿಟ್ಟೆ. ಒಂದು ಗುಟುಕೂ ಕುಡಿದಿಲ್ಲ, ಪಕ್ಕದ ಕುರ್ಚಿಯ ಟವೆಲು ಗಾಳಿಗೆ ಜಾರಿ ಬಿತ್ತು. ಎದ್ದಳು, ಮಡಚಿಟ್ಟಳು. ಅದರ ಪಕ್ಕದ್ದು ಸೊಟ್ಟಗಿತ್ತು. ಅದನ್ನೂ ಮಡಚಿದಳು. ಹೀಗೆ ಹೋದವಳು ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಒಬ್ಬರು ಅಜ್ಜ ಕನ್ನಡಕದ ಮೇಲಿಂದ ನೋಡಿ, ‘ಇನ್ನೊಂದು ಟವೆಲ್ ಕೊಡಮ್ಮ’ ಎಂದರು. ಇವಳು ಕೊಟ್ಟೇಬಿಟ್ಟಳು! ‘ತಗೊಳ್ಳಿ ತಾತ, ಚೆನ್ನಾಗಿ ಒಣಗಿದೆ’ ಎಂಬ ಉಪಚಾರ ಬೇರೆ. ಟೀ ಆರಿ ಹೋಗಿತ್ತು. ಮರುದಿನ ಊಟದ ಕೋಣೆಯಲ್ಲಿ ಪ್ರಯತ್ನಿಸಿದೆ. ಮೇಜಿನ ಬಟ್ಟೆಯ ಮೇಲಿದ್ದ ಒಂದು ಕಲೆ ಟೊಮೆಟೊದ್ದೋ ಬೀಟ್‌ರೂಟಿನದೋ ಎಂದು ಅವಳು ತೀರ್ಮಾನ ಮಾಡುವಷ್ಟರಲ್ಲಿ ಆ ಲೋಟವೂ ತಣ್ಣಗಾಯಿತು.

ಇನ್ನು ಆನೆಯ ಕಥೆ. ನಮ್ಮ ಕೋಣೆಯನ್ನು ಚೊಕ್ಕಟ ಮಾಡಲು ಒಬ್ಬರು ಬರುತ್ತಾರೆ, ನನಗಿಂತ ಹಿರಿಯರು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ಮೊದಲ ದಿನ ನಾವು ಊಟ ಮುಗಿಸಿ ಬಂದು ನೋಡಿದರೆ ಹಾಸಿಗೆಯ ಮೇಲೆ ಟವೆಲು ಮುದ್ದೆಯಾಗಿ ಕೂತಿದೆ. ‘ಅಯ್ಯೋ, ಹೊಸಬರಿರಬೇಕು, ಮಡಚೋಕೆ ಬರಲ್ಲ ಪಾಪ’ ಎಂದು ಇವಳು ಅದನ್ನು ಬಿಚ್ಚಿ, ಅಂಗೈಯಿಂದ ಉಜ್ಜಿ ಸುಕ್ಕು ತೆಗೆದು, ನೀವು ಕಲಿಸಿದ ಮಡಿಕೆಯಲ್ಲಿ ಮಡಚಿ, ಅಂಚಿನ ಮೇಲೆ ಒತ್ತಿ ಹೆಬ್ಬೆರಳಿನ ಗೆರೆ ಎಳೆದು ಬಾಗಿಲ ಹತ್ತಿರ ಇಟ್ಟಳು, ನೋಡಿ ಕಲಿಯಲಿ ಎಂದು. ಎರಡನೆಯ ದಿನ ಉದ್ದ ಕುತ್ತಿಗೆಯ ಒಂದು ಮುದ್ದೆ. ಅದಕ್ಕೂ ಅದೇ ಗತಿ. ಮೂರನೆಯ ದಿನದ್ದು ಪರದೆಯ ಕೊಂಡಿಗೆ ಜೋತುಬಿದ್ದಿತ್ತು. ‘ನೇತು ಹಾಕೋ ಬಟ್ಟೇನಾ ಇದು?’ ಎಂದು ಅದನ್ನೂ ಇಳಿಸಿ ನೆಟ್ಟಗೆ ಮಾಡಿದಳು. ನಾನಾದರೂ ತಡೆಯಬೇಕಿತ್ತು. ಬಟ್ಟೆಯ ವಿಷಯದಲ್ಲಿ ನಿಮ್ಮ ಮನೆಯ ಹೆಂಗಸರಿಗೆ ಬುದ್ಧಿ ಹೇಳುವಷ್ಟು ಧೈರ್ಯ ನನಗೆಲ್ಲಿ ಬರಬೇಕು? ನಾಲ್ಕನೆಯ ದಿನ ಹಾಸಿಗೆಯ ಮೇಲೆ ಏನೂ ಇರಲಿಲ್ಲ. ಒಂದು ಚೀಟಿ ಮಾತ್ರ ಇತ್ತು: ‘ನನ್ನ ಕೆಲಸದಲ್ಲಿ ಏನು ತಪ್ಪಾಗಿದೆ ಎಂದು ದಯವಿಟ್ಟು ತಿಳಿಸಿ.’

ಅದೇ ಹೊತ್ತಿಗೆ ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಕಿಟಕಿಯ ಉದ್ದಕ್ಕೂ ಒಂದು ಆನೆ, ಒಂದು ಹಂಸ, ಒಂದು ಮಂಗ, ಒಂದು ಮೊಲ, ಎಲ್ಲ ಟವೆಲಿನವು, ಸಾಲಾಗಿ ಸಮುದ್ರ ನೋಡುತ್ತ ಕೂತಿವೆ. ಅತ್ತೆ, ಆ ಕ್ಷಣ ನಿಮ್ಮ ಮಗಳ ಮುಖ ನೋಡಬೇಕಿತ್ತು! ‘ರೀ, ಆ ಮನುಷ್ಯ ದಿನಾ ಒಂದು ಗೊಂಬೆ ಮಾಡಿಟ್ರೆ ನಾನು ದಿನಾ ಒಂದು ಕೊಲೆ ಮಾಡಿದೀನಲ್ರೀ’ ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಮಾಡಿದ ಕೆಲಸವನ್ನು ಇನ್ನೊಬ್ಬರು ಕೆಡಿಸಿದರೆ ಹೇಗಿರುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಓಣಿಯುದ್ದಕ್ಕೂ ಹುಡುಕಿಕೊಂಡು ಹೋಗಿ, ಬಟ್ಟೆಯ ಗಾಡಿ ತಳ್ಳುತ್ತಿದ್ದ ಅವರ ಮುಂದೆ ನಿಂತಳು. ‘ಅಣ್ಣಾ, ತಪ್ಪು ನಿಮ್ಮದಲ್ಲ. ನಮ್ಮದು ಲಾಂಡ್ರಿ. ಮಡಿಕೆ ಕೆಟ್ಟಿದೆ ಅಂದ್ಕೊಂಡು ಸರಿಮಾಡ್ಬಿಟ್ಟೆ. ಕ್ಷಮಿಸಿ’ ಎಂದಳು. ಆತ ಒಂದು ಗಳಿಗೆ ಪಿಳಿಪಿಳಿ ನೋಡಿದರು. ಆಮೇಲೆ ಗಾಡಿಗೆ ಒರಗಿಕೊಂಡು ಹೊಟ್ಟೆ ಹಿಡಿದು ನಗತೊಡಗಿದರು. ‘ಹದಿನೆಂಟು ವರ್ಷದ ಸರ್ವೀಸಮ್ಮ ನಂದು. ನನ್ನ ಆನೆ ಜೊತೆ ಫೋಟೋ ತೆಗೆಸ್ಕೊಂಡೋರು ಇದಾರೆ, ಕದ್ಕೊಂಡು ಹೋದೋರು ಇದಾರೆ. ಚಪ್ಪಟೆ ಮಾಡಿ ಗೆರೆ ಎಳೆದು ವಾಪಸ್ ಕೊಟ್ಟೋರು ನೀವೊಬ್ರೇ!’ ಎಂದರು. ನಗು ನಿಂತ ಮೇಲೆ ಅವರೇ ಕೇಳಿದರು, ‘ನಮ್ಮ ಲಾಂಡ್ರಿ ನೋಡ್ತೀರಾ?’

ನಿನ್ನೆ ಬೆಳಿಗ್ಗೆ ಹತ್ತು ಗಂಟೆಗೆ ಕರೆದುಕೊಂಡು ಹೋದರು. ಕಬ್ಬಿಣದ ಮೆಟ್ಟಿಲು ಇಳಿದೂ ಇಳಿದೂ ನೀರಿನ ಮಟ್ಟಕ್ಕಿಂತ ಕೆಳಗೆ ಬಂದೆವು. ಬಾಗಿಲು ತೆಗೆದಾಗ ಮುಖಕ್ಕೆ ರಾಚಿದ್ದು ನಮ್ಮ ಅಂಗಡಿಯದೇ ವಾಸನೆ, ಸೋಪು, ಹಬೆ, ಕಾದ ಹತ್ತಿ. ಇವಳು ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದಳು. ನಮ್ಮ ಅಡುಗೆಮನೆಯಷ್ಟು ದೊಡ್ಡ ಡ್ರಮ್ಮುಗಳು ಸುತ್ತುತ್ತಿವೆ. ನಡುವೆ ಒಂದು ಉದ್ದನೆಯ ಉರುಳೆ ಯಂತ್ರ. ಈಚೆಯಿಂದ ಇಬ್ಬರು ಒದ್ದೆ ಬೆಡ್‌ಶೀಟಿನ ಎರಡು ಮೂಲೆ ಹಿಡಿದು ಉಣಿಸುತ್ತಾರೆ, ಆಚೆಯಿಂದ ಅದು ಹಪ್ಪಳದ ಹಾಗೆ ಗರಿಗರಿಯಾಗಿ ಇಳಿಯುತ್ತದೆ. ಅಲ್ಲಿ ಇನ್ನಿಬ್ಬರು ಮೂಲೆ ಹಿಡಿದು, ಒಬ್ಬರನ್ನೊಬ್ಬರು ನೋಡದೆ, ಎರಡು ಹೆಜ್ಜೆ ಹತ್ತಿರ ಬಂದು ಎರಡು ಹೆಜ್ಜೆ ಹಿಂದೆ ಸರಿದು ಮಡಚುತ್ತಾರೆ. ನಿಮ್ಮ ಮಗಳ ಕೈ ತಾನಾಗಿ ಮುಂದೆ ಹೋಯಿತು. ಅಷ್ಟರಲ್ಲಿ ಅಲ್ಲಿನ ಯಜಮಾನಿ, ನಿಮ್ಮಷ್ಟೇ ದನಿಯಿರುವ ದಪ್ಪ ಹೆಂಗಸು, ‘ಕೈ ಕೆಳಗೆ!’ ಎಂದು ಗುಡುಗಿದಳು. ‘ನೋಡೋಕೆ ಬಂದಿದ್ದೀರಿ, ನೋಡಿ. ನನ್ನ ಜಾಗದಲ್ಲಿ ಗಿರಾಕಿ ಕೆಲಸ ಮಾಡೋ ಹಾಗಿಲ್ಲ.’ ಒಂದು ಸ್ಟೀಲ್ ಸ್ಟೂಲು ಎಳೆದು ಹಾಕಿ, ಭುಜ ಹಿಡಿದು ಕೂರಿಸಿ, ತನ್ನ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೈಗಿಟ್ಟಳು.

ಅವಳು ಕೂತಳು, ಅತ್ತೆ. ಟೀಯ ಹೊಗೆ ಅವಳ ಮುಖಕ್ಕೆ ಬರುತ್ತಿತ್ತು. ಒಂದು ಗುಟುಕು, ಇನ್ನೊಂದು ಗುಟುಕು, ಕಣ್ಣು ಮಾತ್ರ ಆ ಮಡಚುವವರ ಕೈಗಳ ಮೇಲೆ. ಸಮುದ್ರವೆಲ್ಲ ಮೇಲೆ ಬಿದ್ದಿತ್ತು, ಕುರ್ಚಿಗಳೆಲ್ಲ ಮೇಲೆ ಖಾಲಿಯಿದ್ದವು, ಇವಳು ಕೂತದ್ದು ಮಾತ್ರ ಕಿಟಕಿಯೂ ಇಲ್ಲದ ಆ ಸೆಕೆಯ ಕೋಣೆಯಲ್ಲಿ! ಲೋಟ ಖಾಲಿಯಾದ ಮೇಲೂ ಒಂದು ಗಂಟೆ ಕೂತಿದ್ದಳು. ಕೈಗಳು ಮಡಿಲಲ್ಲಿದ್ದವು. ಹದಿನೈದು ವರ್ಷದಲ್ಲಿ ಆ ಕೈಗಳನ್ನು ಹಾಗೆ ಸುಮ್ಮನೆ ಇಟ್ಟದ್ದು ನಾನು ನೋಡಿರಲಿಲ್ಲ. ಎಡಗೈ ಮಣಿಕಟ್ಟಿನ ಮೇಲೆ ಹಬೆ ತಾಗಿದ ಸಣ್ಣ ಗುರುತುಗಳು ಎಷ್ಟಿವೆ ಎಂದು ನಿನ್ನೆಯೇ ಗೊತ್ತಾದದ್ದು. ಕೊನೆಗೆ ಮೆಲ್ಲಗೆ ಹೇಳಿದಳು, ‘ರೀ, ಈ ಕೆಲಸ ನೋಡೋಕೆ ಇಷ್ಟು ಚೆನ್ನಾಗಿರುತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ಅಮ್ಮ ಮಾಡೋದನ್ನ ನಾನು ಯಾವತ್ತೂ ನೋಡ್ಲಿಲ್ಲ. ಆರು ವರ್ಷಕ್ಕೇ ಬೆಡ್‌ಶೀಟಿನ ಇನ್ನೊಂದು ತುದಿ ಹಿಡ್ಕೊಂಡು ನಿಂತಿದ್ನಲ್ಲ.’ ನಾನೂ ಅವಳ ಕೆಲಸಕ್ಕೆ ಬೆನ್ನು ತಿರುಗಿಸಿಯೇ ನಿಂತವನು. ಇದನ್ನೇ ನಿಮಗೆ ಹೇಳಬೇಕಿತ್ತು. ನಿಮ್ಮ ಮಗಳಂಥ ಕೆಲಸಗಾರ್ತಿ ಈ ದೊಡ್ಡ ಹಡಗಿನಲ್ಲೂ ಇಲ್ಲ, ಅವಳನ್ನು ತಯಾರು ಮಾಡಿದ ನಿಮ್ಮಂಥವರಂತೂ ಇಲ್ಲವೇ ಇಲ್ಲ. ಊರಿಗೆ ಬಂದ ಮೇಲೆ ಕೌಂಟರನ್ನು ಅಡ್ಡಕ್ಕೆ ತಿರುಗಿಸುತ್ತೇನೆ, ಗಿರಾಕಿಯೂ ಕಾಣಬೇಕು, ಅವಳೂ ಕಾಣಬೇಕು. ಅವಳ ಲೋಟ ಕೆನೆ ಕಟ್ಟುವ ಮೊದಲೇ ನನ್ನ ಕಣ್ಣಿಗೆ ಬೀಳಬೇಕು.

ಇವತ್ತು ಹಡಗು ದಡ ಮುಟ್ಟಿದೆ. ಕೆಳಗೆ ಹೋಗಿ ಇದನ್ನು ಅಂಚೆಗೆ ಹಾಕುತ್ತೇನೆ. ಇಲ್ಲಿಂದ ಎರಡೇ ದಿನಕ್ಕೆ ತಲುಪುತ್ತದಂತೆ. ನಾವು ಬರುವುದು ಶನಿವಾರ. ಆನೆಯಣ್ಣನವರು ನಿನ್ನೆಯಿಂದ ಮತ್ತೆ ಶುರು ಮಾಡಿದ್ದಾರೆ, ನಿನ್ನೆ ನಮಗೆ ಆಮೆ ಸಿಕ್ಕಿತು. ಅದನ್ನು ಯಾರೂ ಮುಟ್ಟಿಲ್ಲ. ಮಕ್ಕಳಿಬ್ಬರ ನೆತ್ತಿ ಮೂಸಿ ಮುತ್ತು ಕೊಡಿ, ನಮ್ಮ ಪರವಾಗಿ ಎರಡೆರಡು. ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲಿರಲಿ.

ನಿಮ್ಮ ಮಾತು ನಡೆಸಿದ
ಅಳಿಯ

ಮರೆತ ಮಾತು: ಅಂಚೆ ಕಚೇರಿಯ ಕಟ್ಟೆಯ ಮೇಲೆ ಕಾಗದ ಇಟ್ಟು, ಎರವಲು ಪೆನ್ನಿನಲ್ಲಿ, ನಿಂತುಕೊಂಡೇ ಬರೆಯುತ್ತಿದ್ದೇನೆ. ಇಲ್ಲಿ ಫೋನಿಗೆ ಜೀವ ಬಂತು, ದೊಡ್ಡವಳು ಕಳಿಸಿದ ಫೋಟೋ ಸಿಕ್ಕಿತು. ಇಬ್ಬರೂ ಕಾಗದದ ಮೀಸೆ ಅಂಟಿಸಿಕೊಂಡು ನಿಂತಿದ್ದಾರೆ. ನಾನು ಮೀಸೆ ನೋಡಿ ನಕ್ಕೆ. ನಿಮ್ಮ ಮಗಳು ಮೀಸೆಯ ಹಿಂದಿನ ಅಂಗಡಿ ಕಪಾಟು ನೋಡಿದಳು, ನಾವು ಹೊರಡುವಾಗ ಖಾಲಿ ಮಾಡಿಟ್ಟದ್ದು. ಅಲ್ಲಿ ನಮ್ಮ ಗಿರಾಕಿ ಹಲ್ಲಿನ ಡಾಕ್ಟರ ಬಿಳಿ ಕೋಟುಗಳು ಆರು, ತೋಳು ಒಳಗೆ, ಕಾಲರು ಮೇಲೆ, ಹೆಬ್ಬೆರಳಿನ ಗೆರೆ ಸಮೇತ. ಆ ಮಡಿಕೆ ಬರುವುದು ಇಬ್ಬರಿಗೇ, ಅವರಲ್ಲಿ ಒಬ್ಬಳು ಇಲ್ಲಿ ನನ್ನ ಪಕ್ಕದಲ್ಲಿದ್ದಾಳೆ. ಬೀಗ ತೆಗೆದಿದ್ದೀರಿ ಅತ್ತೆ. ಆ ಭುಜ ಇಟ್ಟುಕೊಂಡು! ‘ಬೈದು ಬರೀರಿ’ ಎನ್ನುತ್ತಾಳೆಂದುಕೊಂಡೆ. ಅವಳು ಫೋಟೋವನ್ನು ಇನ್ನೊಮ್ಮೆ ದೊಡ್ಡದು ಮಾಡಿ ನೋಡಿ, ‘ಅಮ್ಮ ಬಿಸಿ ಟೀ ಕುಡಿದಿದ್ದು ನಾನೂ ನೋಡಿಲ್ಲ’ ಎಂದಳು. ಆದ್ದರಿಂದ ಅವಳ ಅಪ್ಪಣೆ ಕೇಳಿ: ಈ ಕಾಗದ ಮುಟ್ಟಿದ ಕೂಡಲೇ ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗು ತೆಗೆಯಿರಿ. ಶನಿವಾರ ಸಂಜೆ ನಾವು ಬರುವ ಹೊತ್ತಿಗೆ ಅಂಗಡಿಯೊಳಗೆ ಸ್ಟೂಲು ಹಾಕಿಸಿಕೊಂಡು ಕೂತಿರಿ, ದೊಡ್ಡವಳು ಟೀ ಮಾಡಿ ಕೊಡಲಿ. ನಿಮ್ಮ ಮಗಳು ನಿಮ್ಮ ಮುಂದೆ ಒಂದೇ ಒಂದು ಬೆಡ್‌ಶೀಟು ಇಸ್ತ್ರಿ ಮಾಡಿ ಮಡಚುತ್ತಾಳಂತೆ. ನೀವು ನೋಡಬೇಕಂತೆ. ಎದ್ದು ಬರಬೇಡಿ. ಇನ್ನೊಂದು ತುದಿ ಹಿಡಿಯಲು ನಾನಿದ್ದೇನೆ.