ಪ್ರಮಿಳಾ ಮಾವಶಿ ಓದಿ ಹೇಳಿದ ಕೊನೆಯ ಅಧ್ಯಾಯ

ಟಿಳಕವಾಡಿ, ಬೆಳಗಾವಿ
ಬುಧವಾರ, 12 ಫೆಬ್ರುವರಿ 2025

ಪ್ರೀತಿಯ ತಮ್ಮ ಅಮರ,

ಹೇಗಿದ್ದೀಯೋ? ನಿನ್ನ ಕೆಮ್ಮು ಇನ್ನೂ ಹೋಗಿಲ್ಲವೆಂದು ತಮ್ಮಣ್ಣ ಹೇಳಿದ. ಅವನು ನಮ್ಮ ಓಣಿಯವನು, ಗೋವಾದ ಮಡಗಾಂವಿಗೆ ಕಾಯಿಪಲ್ಲೆ ಗಾಡಿ ಹೊಡೆಯುತ್ತಾನೆ. ಅಲ್ಲಿಯ ಮಾರ್ಕೆಟ್ಟಿನ ಹಿಂದೆ ನಿನ್ನ ಮೋಟಾರು ರಿಪೇರಿ ಅಂಗಡಿ ಕಂಡು, ನಿನ್ನ ಗುರುತು ಹಿಡಿದು ಬಂದು ನನಗೆ ಹೇಳಿದವನೂ ಅವನೇ. ಅದಕ್ಕಾಗಿ ಅವನ ಮೇಲೆ ಸಿಟ್ಟಾಗಬೇಡ. ನಿನ್ನ ತಲೆ ಅರ್ಧ ಬೆಳ್ಳಗಾಗಿದೆಯಂತೆ. ನನಗಿಂತ ಚಿಕ್ಕವನು ನೀನು, ನಿನಗೇನೋ ಅಷ್ಟು ಅವಸರ? ನಾನು ಬಣ್ಣ ಹಚ್ಚಿಕೊಳ್ಳುತ್ತೇನೆ ಅನ್ನುವುದು ಬೇರೆ ಮಾತು. ನನ್ನ ನಂಬರು ನೋಡಿದರೆ ನೀನು ಫೋನು ಎತ್ತುವುದಿಲ್ಲ, ಹಾಗಾಗಿ ಈ ಕಾಗದವನ್ನು ತಮ್ಮಣ್ಣನ ಕೈಗೆ ಕೊಡುತ್ತಿದ್ದೇನೆ. ಕೊತ್ತಂಬರಿಯ ವಾಸನೆ ಬಂದರೆ ಸಹಿಸಿಕೋ. ಖಾನಾಪುರದಲ್ಲಿ ಅವ್ವ ಆರಾಮ ಇದ್ದಾಳೆ, ಕಾಕಾನ ಮನೆಯವರು ಜೊತೆಗಿದ್ದಾರೆ. ಮೊಣಕಾಲು ನೋವಂತೂ ಇದ್ದದ್ದೇ.

ಈಗ ವಿಷಯಕ್ಕೆ ಬರುತ್ತೇನೆ. ಭಾನುವಾರ ಹತ್ತಿರ ಬಂದಂತೆಲ್ಲ ನನಗೆ ಅನ್ನ ಸೇರುತ್ತಿಲ್ಲ. ನನ್ನ ಮಗಳು ಸೃಷ್ಟಿ ನಿನಗೆ ಫ್ರಾಕು ಹಾಕಿಕೊಂಡ ಹುಡುಗಿಯಾಗಿಯೇ ನೆನಪಿರಬೇಕು. ಈಗ ಕಾಲೇಜಿಗೆ ಹೋಗುತ್ತಾಳೆ. ಅವಳೂ ಅವಳ ಗೆಳತಿ ಮುಗ್ಧಾಳೂ ಸೇರಿ ಪುಸ್ತಕಗಳ ಬಗ್ಗೆ ಒಂದು ಪಾಡ್‌ಕಾಸ್ಟ್ ನಡೆಸುತ್ತಾರೆ, ‘ಮಡಚಿಟ್ಟ ಪುಟ’ ಅಂತ ಅದರ ಹೆಸರು. ಪ್ರತಿ ವಾರ ಒಬ್ಬರನ್ನು ಕೂರಿಸಿಕೊಂಡು, ಅವರ ಮನಸ್ಸಿನಲ್ಲಿ ಉಳಿದ ಒಂದು ಪುಸ್ತಕದ ಬಗ್ಗೆ ಮಾತಾಡಿಸಿ, ಎಲ್ಲರೂ ಮೊಬೈಲಿನಲ್ಲಿ ಕೇಳುವಂತೆ ಹಾಕುತ್ತಾರೆ. ರಸ್ತೆಯ ಸದ್ದು ಒಳಗೆ ಬರಬಾರದೆಂದು ನನ್ನ ಕೌದಿಗಳನ್ನೆಲ್ಲ ಕಿಟಕಿಗೆ ಕಟ್ಟಿದ್ದಾರೆ. ಅವರು ಮಾತಿಗೆ ಕುಳಿತರೆ ನಾನು ಕುಕ್ಕರ್ ಕೂಡ ಇಡುವ ಹಾಗಿಲ್ಲ. ಕಳೆದ ತಿಂಗಳು ಅವ್ವ ಇಲ್ಲಿಗೆ ಬಂದಾಗ ಅವಳನ್ನೇ ಕೂರಿಸಿದರು. ನಾನು ನಕ್ಕೆ. ಅವ್ವ ಯಾವ ಪುಸ್ತಕ ಓದಿದ್ದಾಳೆ ಅಂತ ಮಾತಾಡುವುದು?

ಖಾನಾಪುರದಲ್ಲಿ ನಮ್ಮ ಬಾಜು ಮನೆಯಲ್ಲಿದ್ದ ಪ್ರಮಿಳಾ ಮಾವಶಿ ನೆನಪಿದ್ದಾಳಲ್ಲ? ಈಗ ಮಗನ ಹತ್ತಿರ ಕೊಲ್ಹಾಪುರದಲ್ಲಿದ್ದಾಳೆ. ಆಗ ಮಧ್ಯಾಹ್ನ ಅವ್ವ ಹಿತ್ತಲಲ್ಲಿ ಶಾವಿಗೆ ಹೊಸೆಯುತ್ತಿದ್ದರೆ ಮಾವಶಿ ಬಂದು ಕುಳಿತು ಮರಾಠಿ ಕಾದಂಬರಿಗಳನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದಳು. ಅವ್ವನಿಗೆ ಸಂತೆಯಲ್ಲಿ ಸಾಲುವಷ್ಟು ಮರಾಠಿ ಬರುತ್ತಿತ್ತೇ ಹೊರತು ಪುಸ್ತಕದ ಮರಾಠಿ ತಿಳಿಯುತ್ತಿರಲಿಲ್ಲ. ಹಾಗೆ ಕೇಳಿದ ಒಂದು ಕಾದಂಬರಿಯ ಕಥೆಯನ್ನೇ ಅವ್ವ ಹೇಳಿದಳು. ರಟ್ಟು ಕಿತ್ತುಹೋಗಿದ್ದ ಪುಸ್ತಕ, ಹೆಸರು ಗೊತ್ತಿಲ್ಲ. ಕೊಂಕಣದ ಒಬ್ಬ ದೋಣಿಯವನ ಮಗ ಅಪ್ಪನೊಂದಿಗೆ ಜಗಳಾಡಿ ಮನೆ ಬಿಟ್ಟು ಹೋಗುತ್ತಾನೆ, ತಾಯಿ ಕಾಯುತ್ತಾಳೆ. ಕೊನೆಗೇನಾಯಿತು ಅಜ್ಜಿ ಅಂತ ಮುಗ್ಧಾ ಕೇಳಿದ್ದಕ್ಕೆ ಅವ್ವ ಹೇಳಿದಳು: “ಅಂವ ಬಂದ. ಕೈಕಾಲ ತೊಳಕೊಂಡ, ಉಣ್ಣಾಕ ಕುಂತ. ಇಷ್ಟ ದಿನ ಎಲ್ಲಿದ್ದಿ ಅಂತ ಯಾರೂ ಕೇಳಲಿಲ್ಲ. ತಾಯಿ ಇನ್ನೊಂದು ರೊಟ್ಟಿ ಹಾಕಿದ್ಲು.” ಹುಡುಗಿಯರಿಬ್ಬರೂ ಕಣ್ಣೊರೆಸಿಕೊಂಡರು. ಕೊಂಕಣದ ದೋಣಿಯವರ ಮನೆಯಲ್ಲಿ ಮೀನು-ಅನ್ನ ಬಿಟ್ಟು ರೊಟ್ಟಿ ಎಲ್ಲಿಂದ ಬಂತು ಅಂತ ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮಾವಶಿ ಆ ಪುಸ್ತಕ ಓದಿ ಹೇಳಿದ್ದು ಯಾವಾಗ ಗೊತ್ತೇನು? ನೀನು ಹೋದ ತಿಂಗಳಲ್ಲೇ. ನಿನ್ನ ಮದುವೆಯ ಮಾತಿಗೆ ಅಪ್ಪ ನಾಲ್ಕು ಜನರೆದುರು ನಿನ್ನ ಕಪಾಳಕ್ಕೆ ಹೊಡೆದ, ನೀನು ಚಪ್ಪಲಿ ಮೆಟ್ಟಿಕೊಂಡು ಹೊರಟವನು ಹೊರಟೇ ಹೋದೆ. ಒಂಬತ್ತು ವರ್ಷವಾಯಿತು. ನಡುವೆ ಅಪ್ಪನ ಮಣ್ಣಿಗೆ ಬಂದವನು ಅಲ್ಲಿಂದಲೇ ತಿರುಗಿ ಹೋದೆ, ಮನೆಯ ಹೊಸ್ತಿಲು ತುಳಿಯಲಿಲ್ಲ. ಅವ್ವ ಅದರ ಬಗ್ಗೆ ಒಂದು ಮಾತೂ ಆಡಿಲ್ಲ, ಯಾರಾದರೂ ನಿನ್ನ ಹೆಸರು ತೆಗೆದರೆ ಎದ್ದು ಒಳಗೆ ಹೋಗುತ್ತಾಳೆ. ನೀನು ಗೋವಾದಲ್ಲಿದ್ದೀಯೆಂದು ನಾನು ಹೇಳಿದಾಗಲೂ ಹಾಗೆಯೇ ಎದ್ದು ಹೋದಳು.

ಅವ್ವನ ಮಾತು ಬಹಳ ಜನ ಕೇಳಿದರು. ಪುಸ್ತಕದ ಹೆಸರೇನು, ಎಲ್ಲಿ ಸಿಗುತ್ತದೆ ಅಂತ ಎಲ್ಲರದೂ ಒಂದೇ ಪ್ರಶ್ನೆ. ಹುಡುಕಿ ಹುಡುಕಿ ಕೊನೆಗೆ ಅದು ಮುಗ್ಧಾಳ ಅಜ್ಜನ ಕಪಾಟಿನಲ್ಲೇ ಸಿಕ್ಕಿತು. ಆ ಹುಡುಗಿ ಖುಷಿಯಲ್ಲಿ ಪುಸ್ತಕ ಪೂರ್ತಿ ಓದುವ ಮೊದಲೇ ಅವ್ವನಿಗೆ ಫೋನು ಮಾಡಿದಳು: ಭಾನುವಾರ ಖಾನಾಪುರಕ್ಕೆ ಬರುತ್ತೇವೆ, ಕೊನೆಯ ಅಧ್ಯಾಯವನ್ನು ನಿಮ್ಮ ಮುಂದೆಯೇ ಓದುತ್ತೇವೆ, ಅದನ್ನೂ ರೆಕಾರ್ಡ್ ಮಾಡುತ್ತೇವೆ ಅಂತ. ಅವ್ವ “ಬರ್ರೆವಾ” ಅಂದಳಂತೆ. ಸೋಮವಾರ ನಾನು ಆ ಪುಸ್ತಕ ತೆಗೆದುಕೊಂಡು ಅಕ್ಷರ ಕೂಡಿಸಿ ಕೂಡಿಸಿ ಕೊನೆಯ ಅಧ್ಯಾಯ ಓದಿದೆ. ಅದರಲ್ಲಿ ಮಗ ಬರುವುದೇ ಇಲ್ಲ ಅಮರ. ಕಾದು ಕಾದು ತಾಯಿ ಸಾಯುತ್ತಾಳೆ. ಆ ಸುದ್ದಿ ಮಗನಿಗೆ ಯಾವುದೋ ಬಂದರಿನಲ್ಲಿ ಗುರುತಿಲ್ಲದವರಿಂದ ಗೊತ್ತಾಗುತ್ತದೆ, ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ಕೂಡಲೇ ಕೊಲ್ಹಾಪುರಕ್ಕೆ ಫೋನು ಹಚ್ಚಿದೆ. ಮಾವಶಿ ಮೊದಲು ನೆನಪಿಲ್ಲ ಅಂದಳು, ಆಮೇಲೆ ಅಳತೊಡಗಿದಳು. “ನಿಮ್ಮವ್ವನ ಮಾರಿ ನೋಡಿ ನನಗ ಓದಾಕ ಆಗಲಿಲ್ಲ ನೋಡವಾ. ಬಾಯಿಗೆ ಬಂದದ್ದು ಹೇಳಿಬಿಟ್ನಿ” ಅಂದಳು. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಸೃಷ್ಟಿಗೆ ಹೇಳಿದೆ, ಆ ಅಧ್ಯಾಯ ಓದಬೇಡಿರೇ ಅಂತ. “ಹಂಗ ಹೆಂಗ ಬಿಡೂದು ಮಮ್ಮಿ? ಜನ ಕಾಯಾಕತ್ತಾರ. ಪುಸ್ತಕದಾಗ ಇಲ್ಲದ್ದು ಐತಿ ಅಂತ ಹೇಳೂಣೇನು?” ಅಂದಳು. ಅವಳ ಮಾತೂ ಖರೇ. ಮಾವಶಿಯಂತೆ ಬೇರೆ ಏನಾದರೂ ಹೇಳಿ ಮುಗಿಸೋಣವೆಂದರೆ ಅದೂ ನಡೆಯುವುದಿಲ್ಲ. ದಿನಾ ಮರಾಠಿ ಧಾರಾವಾಹಿ ನೋಡಿ ನೋಡಿ ಅವ್ವನಿಗೆ ಈಗ ಎಲ್ಲ ತಿಳಿಯುತ್ತದೆ, ಸೊಸೆಯಂದಿರ ಕುತಂತ್ರಗಳನ್ನು ನನಗೇ ಬಿಡಿಸಿ ಹೇಳುತ್ತಾಳೆ. ಪುಸ್ತಕ ಕಳೆದುಹೋಯಿತು ಅನ್ನೋಣವೆಂದರೆ ಅದು ಮುಗ್ಧಾಳ ಅಜ್ಜನದು. ಒಂಬತ್ತು ವರ್ಷ ಅವ್ವ ಆ ಒಂದು ಕೊನೆಯನ್ನು ನಂಬಿಕೊಂಡು ಉಂಡಿದ್ದಾಳೆ, ಮಲಗಿದ್ದಾಳೆ. ಅದನ್ನು ಅವಳ ಕೈಯಿಂದ ಕಿತ್ತುಕೊಳ್ಳುವುದು ನನ್ನ ಮಗಳ ಬಾಯಿಂದಲೇ ಆಗಬೇಕೇನೋ? ನನಗೆ ಹೆದರಿಕೆಯಾಗುತ್ತಿದೆ, ಅದನ್ನು ಹೇಳಿಕೊಳ್ಳಲು ನನಗೆ ನಿನ್ನ ಹೊರತು ಯಾರೂ ಇಲ್ಲ.

ನಿನ್ನನ್ನು ಬಾ ಅಂತ ನಾನು ಕರೆಯುತ್ತಿಲ್ಲ. ಕರೆದು ಕರೆದು ನನ್ನ ಗಂಟಲು ಒಣಗಿದೆ, ನಿನ್ನ ಹಟ ನನಗೆ ಗೊತ್ತಿಲ್ಲದ್ದಲ್ಲ. ನಿನಗೆ ತಿಳಿದಿರಲಿ ಅಂತ ಬರೆದೆ, ಅಷ್ಟೇ. ಕೆಮ್ಮಿಗೆ ಔಷಧ ತೆಗೆದುಕೋ, ಮೀನು ಜಾಸ್ತಿ ತಿನ್ನಬೇಡ ಅಂದರೆ ನಗುತ್ತೀಯೇನೋ. ಮನೆಯಲ್ಲಿ ನಿನ್ನ ಹೆಂಡತಿಗೂ, ಮಕ್ಕಳಿದ್ದರೆ ಅವರಿಗೂ, ಅವರು ಇನ್ನೂ ಮುಖ ನೋಡದ ನಿನ್ನ ಅಕ್ಕ ಕೇಳಿದಳೆಂದು ಹೇಳು. ಎಲ್ಲಿದ್ದರೂ ತಣ್ಣಗಿರು.

ನಿನ್ನ
ಬಸಕ್ಕ

ತಾ.ಕ.: ತಮ್ಮಣ್ಣನ ಗಾಡಿ ಬಾಗಿಲಿಗೆ ಬಂದಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ತಡೆಯಲಾಗದೆ ಈಗಷ್ಟೇ ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿಬಿಟ್ಟೆ. “ಗೊತ್ತೈತಿ” ಅಂದಳು. “ಆವತ್ತ ಪ್ರಮಿಳಾ ಹಾಳಿ ತಿರುವಲೇ ಇಲ್ಲ. ಅಳಕೋತ ಹೇಳಿದ್ಲು. ನನಗೇನು ಕಣ್ಣಿಲ್ಲೇನು?” ಹಾಗಾದರೆ ಮೈಕಿನ ಮುಂದೆ ಮಗ ಬಂದ ಅಂತ ಯಾಕೆ ಹೇಳಿದೆ ಅಂತ ಕೇಳಿದೆ. ಅದಕ್ಕೆ ಹೇಳಿದಳು: “ಇದು ಗೋವಾದಾಗೂ ಕೇಳತೈತಿ ಅಂತ ಸೃಷ್ಟಿ ಹೇಳಿದ್ಲು.”

ಕೇಳಿದೆಯೇನೋ, ಅಮರ?