ಗಿರಿಯಪ್ಪನ ಅಂಗಡಿಯ ನಂಬರು

26 ಮಾರ್ಚ್ 2007, ಸೋಮವಾರ

ದ್ರಾಕ್ಷಾಯಿಣಿಯ ಫೋಟೋ ಕದ್ದು, ಅವಳ ಹೆಸರಿನಲ್ಲಿ ಯಾರೋ ಇಂಟರ್ನೆಟ್ಟಿನಲ್ಲಿ ಹೊಲಸು ಪುಟ ತೆರೆದಿದ್ದಾರೆ. ತಮಾಷೆಯಲ್ಲ ಇದು. ಕಳ್ಳತನ. ಕಳ್ಳತನಕ್ಕಿಂತ ಕೀಳು.

ಎಂದಿನಂತೆ ಎಂಟರ ಬಸ್ಸಿಗೆ ಧಾರವಾಡ. ಹಿಂದಿನ ಸೀಟಿನಲ್ಲಿ ಕ್ಲಾಸಿನ ಹುಡುಗರ ನಗೆ. "ಏನ್ ರಾಜೇಶ್ವರಿ, ನಿನ್ನ ಗೆಳತಿ ಭಾಳ ಮಾಡರ್ನ್ ಆಗ್ಯಾಳಲ್ಲ!" ಎಂದ ಫಕೀರೇಶ. ಮಧ್ಯಾಹ್ನ ಕಾಲೇಜಿನ ಎದುರಿನ ಸೈಬರಿಗೆ ಹೋಗಿ ನೋಡಿದೆ. ಅವಳದೇ ಪಾಸ್‌ಪೋರ್ಟ್ ಫೋಟೋ, ಎರಡು ಜಡೆ. ಹಿಂದಿನ ತಿಂಗಳು ಅರ್ಜಿಯೊಂದಕ್ಕೆ ಇದೇ ಸೈಬರಿನಲ್ಲಿ ಸ್ಕ್ಯಾನ್ ಮಾಡಿಸಿದ್ದು. ಕೆಳಗೆ 'ಫ್ರೆಂಡ್‌ಶಿಪ್ ಬೇಕಾದವರು ಫೋನ್ ಮಾಡಿ'. ಮತ್ತೆ, ನಾನು ಇಲ್ಲಿ ಬರೆಯಲಾರದ್ದು. ಮತ್ತೆ ಒಂದು ನಂಬರು.

ಶಿರಗುಪ್ಪಿಯಲ್ಲಿ ಅವರ ಮನೆಗೆ ಫೋನಿಲ್ಲ. ಅದು ಪಕ್ಕದ ಗಿರಿಯಪ್ಪನ ಕಿರಾಣಿ ಅಂಗಡಿಯ ನಂಬರು. ಫೋನ್ ಬಂದರೆ ಗಿರಿಯಪ್ಪ ಕಟ್ಟೆಯ ಮೇಲೆ ನಿಂತು ಕೂಗಿ ಕರೆಯುತ್ತಾನೆ. ಇಡೀ ಓಣಿಗೆ ಕೇಳುವಂತೆ.

27 ಮಾರ್ಚ್, ಮಧ್ಯಾಹ್ನ

ನಂಬರು ಎಲ್ಲಿಂದ ಸಿಕ್ಕಿತೆಂದು ಗೊತ್ತಾಯಿತು. ಸೈಬರಿನ ಕೌಂಟರಿನ ಮೇಲೊಂದು ರಿಜಿಸ್ಟರ್, ದಾರ ಕಟ್ಟಿದ ಪೆನ್ನು. ಬಂದವರೆಲ್ಲ ಹೆಸರು, ಊರು, ಫೋನ್ ಬರೆಯಬೇಕು. ಸುರಕ್ಷತೆಗಂತೆ! ಹುಡುಗಿಯರು ಖರೇ ನಂಬರು ಬರೆಯುತ್ತಾರೆ. ಹುಡುಗರು ಬಾಯಿಗೆ ಬಂದದ್ದು ಬರೆಯುತ್ತಾರೆ. ಹಾಳೆ ತಿರುವಿದರೆ ಯಾರಿಗೂ ಕಾಣುತ್ತದೆ. ಅವತ್ತು ಸ್ಕ್ಯಾನ್ ಮಾಡಿಸಿದ ಫೋಟೋ ಇನ್ನೂ ನಾಲ್ಕನೇ ಮಷೀನಿನಲ್ಲೇ ಇತ್ತು. ನಾನೇ ಅಳಿಸಿದೆ.

ಮಾಲೀಕ ರಾಜಶೇಖರ ಹಲ್ಲು ಚುಚ್ಚಿಕೊಳ್ಳುತ್ತಿದ್ದ.

"ನಾ ಏನ್ ಮಾಡ್ಲೆವ್ವಾ? ಫೋಟೋ ತಗಸ್ಕೊಳ್ಳೂ ಮುಂದ ಛಲೋ ಅನಸ್ತೈತಿ. ಆಮ್ಯಾಲೆ ಅಳೂದು."

"ಅದ ನಿಮ್ಮ ತಂಗಿ ಫೋಟೋ ಆಗಿದ್ರ?"

"ನನ್ನ ತಂಗಿ ಸೈಬರಿಗೆ ಬರಂಗಿಲ್ಲ."

ಅವನ ತಂಗಿಗೆ ನಿಷಿದ್ಧವಾದ ಜಾಗ ಉಳಿದವರ ತಂಗಿಯರಿಗೆ ಗಂಟೆಗೆ ಹದಿನೈದು ರೂಪಾಯಿ.

31 ಮಾರ್ಚ್, ಶನಿವಾರ

ಪಾಂಪ್ಲೆಟ್ ಬರೆದೆ. 'ಈ ಕೊಳೆತ ಸಮಾಜಕ್ಕೆ ಒಂದು ಪ್ರಶ್ನೆ'. ದ್ರಾಕ್ಷಾಯಿಣಿಯ ಹೆಸರು ಹಾಕಿಲ್ಲ, ಅಷ್ಟು ಬುದ್ಧಿಯಿದೆ. ಆದರೆ ಪುಟದ ವಿಳಾಸ ದಪ್ಪ ಅಕ್ಷರದಲ್ಲಿ ಹಾಕಿದೆ. ಪುರಾವೆಯಿಲ್ಲದ ಬರಹ ಬರೀ ಬೈಗುಳ. ಎಲ್ಲೋ ಒಂದು ಕಿರುಹೊತ್ತಿಗೆಯಲ್ಲಿ ಓದಿದ್ದು. ಕೊನೆಗೆ: 'ಜಾಗೃತ ಯುವಜನರು'. ಯುವಜನರೆಂದರೆ ಸದ್ಯಕ್ಕೆ ನಾನೊಬ್ಬಳೇ.

ನಮ್ಮ ಕಮರಿಪೇಟೆಯ ಪ್ರೆಸ್ಸಿನಲ್ಲಿ ಕಾಸಿಮಸಾಬರು ಅಚ್ಚಿನ ಮೊಳೆ ಜೋಡಿಸುತ್ತ ನಿಂತುಬಿಟ್ಟರು.

"ರಾಜಕ್ಕಾ, ಈ ದಪ್ಪ ಸಾಲು ಬೇಕೇನವಾ?"

"ಬೇಕ್ರಿ ಕಾಕಾ. ಜನಾ ತಾವ ನೋಡ್ಲಿ."

"ನೋಡ್ತಾರ. ಜನಾ ನೋಡೂದ್ರಾಗ ಏನ್ ಕಡಿಮಿ ಇಲ್ಲ."

ಐದುನೂರು ಪ್ರತಿಗೆ ಮುಂಗಡ ಕೊಟ್ಟು ಬಂದೆ.

3 ಏಪ್ರಿಲ್, ಮಂಗಳವಾರ

ಐದುನೂರೂ ಹಂಚಿದೆ. ಬಸ್ ಸ್ಟ್ಯಾಂಡ್, ಹಾಸ್ಟೆಲ್ಲು, ಕಾಲೇಜು ಗೇಟು. ಯಾರೂ ಬಿಸಾಡಲಿಲ್ಲ. ಮಡಚಿ ಜೇಬಿಗಿಟ್ಟುಕೊಂಡರು. ಊರು ಇನ್ನೂ ಸತ್ತಿಲ್ಲ!

ದ್ರಾಕ್ಷಾಯಿಣಿ ಕ್ಲಾಸಿಗೆ ಬಂದಿರಲಿಲ್ಲ.

10 ಏಪ್ರಿಲ್, ಮಂಗಳವಾರ

ಸೈಬರಿನಲ್ಲಿ ಎಂಟು ಮಷೀನು. ಐದರಲ್ಲಿ ಅವಳ ಪುಟ. ಹೊರಗೆ ಸಾಲಾಗಿ ನಿಂತ ಹುಡುಗರ ಪಾಳಿ. ಒಬ್ಬ ನನ್ನ ಪಾಂಪ್ಲೆಟನ್ನು ಕೀಬೋರ್ಡಿನ ಪಕ್ಕ ಇಟ್ಟುಕೊಂಡು, ವಿಳಾಸವನ್ನು ಒಂದೊಂದೇ ಅಕ್ಷರ ಒತ್ತುತ್ತಿದ್ದ.

ಹಂಚುವ ಮೊದಲು ಆ ಪುಟಕ್ಕೆ ನಲವತ್ತು ಜನ ಫ್ರೆಂಡ್ಸ್. ಇವತ್ತು ಆರುನೂರ ಹನ್ನೆರಡು.

ರಾಜಶೇಖರ ನಕ್ಕ. "ಯಾರೋ ಪುಣ್ಯಾತ್ಮರು ಫ್ರೀ ಅಡ್ವರ್ಟೈಸ್ ಮಾಡ್ಯಾರ ನೋಡ್ರಿ."

ಮನೆಗೆ ಬಂದು ಕೈ ತೊಳೆದೆ. ಮತ್ತೆ ತೊಳೆದೆ.

12 ಏಪ್ರಿಲ್, ಗುರುವಾರ

ಶಿರಗುಪ್ಪಿಗೆ ಹೋಗಿದ್ದೆ. ಗಿರಿಯಪ್ಪನ ಅಂಗಡಿಗೆ ದಿನಕ್ಕೆ ಮೂವತ್ತು ಫೋನು. ಅವನು ಈಗ ಕೂಗಿ ಕರೆಯುವುದಿಲ್ಲ. ಕೇಳಿಸಿಕೊಂಡು, ಗಿರಾಕಿಗಳಿಗೆ ಹೇಳುತ್ತಾನೆ.

ದ್ರಾಕ್ಷಾಯಿಣಿಯ ಹಾಲ್ ಟಿಕೆಟ್ಟು ಅವಳಪ್ಪ ಮೈಲಾರಪ್ಪನವರ ಟ್ರಂಕಿನಲ್ಲಿದೆ, ಕೀಲಿ ಅವರ ಉಡದಾರದಲ್ಲಿ. ಬರುವ ಬುಧವಾರ ಬಿ.ಎ. ಫೈನಲ್ ಪರೀಕ್ಷೆ ಶುರು. ಮೈಲಾರಪ್ಪನವರು ಮಡಚಿದ ಕಾಗದ ತೆಗೆದು ನನ್ನ ಕೈಗಿಟ್ಟರು.

"ಓದವಾ. ನನಗ ಅಕ್ಷರ ಬರಂಗಿಲ್ಲ. ಇದ್ರಾಗ ನಮ್ಮಾಕಿದ ಐತಿ ಅಂತ ಗಿರಿಯಪ್ಪ ಹೇಳ್ಯಾನ. ಪ್ರಿಂಟ್ ಆಗೇತಿ ಅಂದ್ರ ಖರೇನ ಇರತೈತಿ. ಆ ಪುಟಾ ಇಕಿನ ಮಾಡ್ಯಾಳ."

ನನ್ನದೇ ಪಾಂಪ್ಲೆಟನ್ನು ಅವರಿಗೆ ಓದಿ ಹೇಳಿದೆ. ದಪ್ಪ ಸಾಲು ಬಿಟ್ಟು. ದ್ರಾಕ್ಷಾಯಿಣಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಇದು ಅವಳು ಮಾಡಿದ್ದಲ್ಲ ಎಂದೆ. ಬರೆದವಳು ನಾನು ಎನ್ನಲಿಲ್ಲ.

ಬಸ್ ಸ್ಟಾಪಿನ ತನಕ ದ್ರಾಕ್ಷಾಯಿಣಿ ಬಂದಳು.

"ಕೊಳೆತ ಸಮಾಜ ಅಂತ ಬರಿಯಾಕಿ ನಮ್ಮ ಕ್ಲಾಸಿನ್ಯಾಗ ಒಬ್ಬಾಕಿನ."

"ದ್ರಾಕ್ಷಿ, ನಾ ನಿನ್ನ ಸಲುವಾಗಿ—"

"ನನ್ನ ಸಲುವಾಗಿ. ನನ್ನ ಕೇಳಿದ್ಯಾ?"

ಬಸ್ಸು ಬಂತು. ಹತ್ತಿದೆ. ಹೇಡಿ.

ಹೆಸರಿಲ್ಲದೆ ಪುಟ ತೆರೆದವನನ್ನು ಹದಿನೈದು ದಿನ ಬೈದೆ. ನನ್ನ ಪಾಂಪ್ಲೆಟ್ಟಿನ ಕೆಳಗೆ ಯಾರ ಹೆಸರಿದೆ?

14 ಏಪ್ರಿಲ್, ಶನಿವಾರ, ಸಂಜೆ 5

ಮನೆಗೆ ಫೋನ್ ಬಂತು. ದ್ರಾಕ್ಷಾಯಿಣಿ. ಗಿರಿಯಪ್ಪನ ಅಂಗಡಿಯಿಂದಲೇ.

"ಜೋರಾಗಿ ಮಾತಾಡಾಕತ್ತೇನಿ, ಗಾಬರಿ ಆಗಬ್ಯಾಡ. ಗಿರಿಯಪ್ಪ ಕಾಕಾ ಕೇಳಾಕತ್ತಾನ. ಕೇಳ್ಲಿ. ಕಟ್ಟಿ ಮ್ಯಾಲೆ ಇನ್ನೂ ನಾಕು ಮಂದಿ ಅದಾರ, ಅವ್ರೂ ಕೇಳ್ಲಿ. ಸೋಮವಾರ ಹತ್ತೂವರಿಗೆ ಪೊಲೀಸ್ ಠಾಣೆಗೆ ಹೋಗಿ ಕಂಪ್ಲೇಂಟ್ ಕೊಡ್ತೇನಿ. ಆ ರಿಜಿಸ್ಟರ್ ತರಸ್ರಿ ಅಂತ ಕೇಳ್ತೇನಿ. ಅಪ್ಪನ್ನ ಕರಕೊಂಡ ಬರ್ತೇನಿ."

"ನಾ ಏನ್ ಮಾಡ್ಲಿ?"

"ಪಾಂಪ್ಲೆಟ್ ಬರದಾಕಿ ನಾನ, ವಿಳಾಸ ಹಾಕಿದಾಕಿ ನಾನ, ಪುಟಾ ಇಕಿದಲ್ಲ ಅಂತ ಬರಿ. ಕೆಳಗ ನಿನ್ನ ಪೂರ್ತಿ ಹೆಸರು. ಅಪ್ಪನ ಮುಂದ ನೀನ ಓದು. ಈ ಸಲ ಸಾಲು ಬಿಡಬ್ಯಾಡ."

"ಆಮೇಲೆ ನನ್ನ ಜೋಡಿ ಮಾತಾಡ್ತೀಯಾ?"

"ಮೊದಲ ಹಾಲ್ ಟಿಕೆಟ್ ಬಿಡಸು."

ಇಟ್ಟುಬಿಟ್ಟಳು.

ಒಂದು ಹಾಳೆ ತೆಗೆದುಕೊಂಡು ಕುಳಿತೆ. ಕೊಳೆತ ಸಮಾಜ ಎಂದು ಶುರುಮಾಡಿ ಹೊಡೆದುಹಾಕಿದೆ. ಮೊದಲು ಹಾಳೆಯ ಬುಡದಲ್ಲಿ ಹೆಸರು ಬರೆದೆ, ರಾಜೇಶ್ವರಿ ಮಹಾಂತಯ್ಯ, ಕಮರಿಪೇಟೆ. ಮೇಲಿನದು ಇನ್ನೂ ಖಾಲಿ.

ಸೋಮವಾರ. ಬೆಳಿಗ್ಗೆ ಹತ್ತೂವರೆ. ಠಾಣೆಯ ಗೇಟಿನ ಮುಂದೆ ಇದನ್ನು ಮೈಲಾರಪ್ಪನವರಿಗೆ ಓದಬೇಕು, ಒಂದು ಸಾಲೂ ಬಿಡದೆ.